ಚಿಕಿತ್ಸೆ ಮುಗಿದ ಮೇಲೆ ಯಾರ ಹೊಣೆ?

ಕ್ಯಾನ್ಸರ್ ಚಿಕಿತ್ಸೆಯ ಕೊನೆಯ ದಿನ ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಡುತ್ತಾರೆ. ಮರುದಿನದಿಂದ ಆ ವ್ಯಕ್ತಿಯ ಆರೋಗ್ಯದ ಹೊಣೆ ಯಾರದು? ಕ್ಯಾನ್ಸರ್ ತಜ್ಞರದೋ, ಊರಿನ ವೈದ್ಯರದೋ? ಈ ಪ್ರಶ್ನೆಯನ್ನು ವಿವರವಾಗಿ ಚರ್ಚಿಸಿದ್ದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2006ರಲ್ಲಿ ಪ್ರಕಟಿಸಿದ 'ಫ್ರಮ್ ಕ್ಯಾನ್ಸರ್ ಪೇಷಂಟ್ ಟು ಕ್ಯಾನ್ಸರ್ ಸರ್ವೈವರ್: ಲಾಸ್ಟ್ ಇನ್ ಟ್ರಾನ್ಸಿಷನ್' ಎಂಬ ವರದಿ. ಆ ವೇಳೆಗೆ ಅಲ್ಲಿ ಕ್ಯಾನ್ಸರ್ ಪತ್ತೆಯಾಗಿಯೂ ಬದುಕಿದ್ದವರು ಸುಮಾರು ಒಂದು ಕೋಟಿ.

ಚಿಕಿತ್ಸೋತ್ತರ ಆರೈಕೆಗೆ ವರದಿ ನಾಲ್ಕು ಅಂಗಗಳನ್ನು ಗುರುತಿಸಿತು: ತಡೆಗಟ್ಟುವಿಕೆ, ತಪಾಸಣೆ, ತೊಂದರೆಗಳಿಗೆ ಚಿಕಿತ್ಸೆ, ವೈದ್ಯರ ನಡುವೆ ಹೊಂದಾಣಿಕೆ. ಚಿಕಿತ್ಸೆ ಮುಗಿಸಿದ ಪ್ರತಿಯೊಬ್ಬರಿಗೂ ಚಿಕಿತ್ಸೆಯ ಸಾರಾಂಶ ಹಾಗೂ ಮುಂದಿನ ಆರೈಕೆಯ ಯೋಜನೆಯನ್ನು ಬರಹದಲ್ಲಿ ಕೊಡಬೇಕು ಎಂಬುದು ಅದರ ಮುಖ್ಯ ಸಲಹೆ.

ಸಾರಾಂಶ ಏಕೆ ಬೇಕೆಂದು ತಿಳಿಯಲು ಸ್ವಲ್ಪ ಭೌತವಿಜ್ಞಾನ ಸಾಕು. ಒಂದು ಕಿಲೋಗ್ರಾಮ್ ಅಂಗಾಂಶ ಒಂದು ಜೂಲ್ ವಿಕಿರಣ ಶಕ್ತಿಯನ್ನು ಹೀರಿಕೊಂಡರೆ ಆ ಡೋಸ್ ಒಂದು ಗ್ರೇ. 35 ಗ್ರೇ ಡೋಸ್ ನೀರಿನ ತಾಪವನ್ನು 0.01 ಡಿಗ್ರಿ ಸೆಲ್ಸಿಯಸ್‌ನಷ್ಟೂ ಏರಿಸದು. ನೀವೇ ಲೆಕ್ಕ ಹಾಕಿ ನೋಡಿ. ಆದರೂ ಬಾಲ್ಯದಲ್ಲಿ ಎದೆಗೆ ಅಷ್ಟು ಡೋಸ್ ಪಡೆದವರಲ್ಲಿ ದಶಕಗಳ ನಂತರ ಹೃದಯ ದುರ್ಬಲವಾಗುವ ಅಪಾಯ ಹೆಚ್ಚು. ಹಾನಿ ಮಾಡುವುದು ಉಷ್ಣವಲ್ಲ, ಜೀವಕೋಶದೊಳಗಿನ ಅಯಾನೀಕರಣ. ಡಾಕ್ಸೊರುಬಿಸಿನ್ ಔಷಧಿಯಲ್ಲೂ ಒಟ್ಟು ಪ್ರಮಾಣ ಹೆಚ್ಚಿದಂತೆ ಹೃದಯಕ್ಕೆ ಅಪಾಯ ಹೆಚ್ಚುತ್ತದೆ. ಈ ಅಂಕಿಗಳು ಕಳೆದುಹೋದರೆ ಇಪ್ಪತ್ತು ವರ್ಷಗಳ ನಂತರ ಯಾರ ಹೃದಯವನ್ನು ಪರೀಕ್ಷಿಸಬೇಕೆಂದು ವೈದ್ಯರಿಗೆ ತಿಳಿಯುವುದು ಹೇಗೆ?

ಇಲ್ಲಿಯವರೆಗೆ ವರದಿಯ ವಾದ ಗಟ್ಟಿ. ತೊಡಕಿರುವುದು ಮುಂದೆ. ಇಂಥ ಯೋಜನೆಯಿಂದ ಆರೈಕೆ ಸುಧಾರಿಸುತ್ತದೆ ಎಂಬುದಕ್ಕೆ ಆಗ ಪುರಾವೆ ಸಾಲದಾಗಿತ್ತು. ವರದಿ ಅದನ್ನು ಮುಚ್ಚಿಡಲಿಲ್ಲ. ಮೇಲ್ನೋಟಕ್ಕೆ ಸರಿಯೆನಿಸುವುದನ್ನು ವಿರುದ್ಧ ಪುರಾವೆ ಬರುವತನಕ ಒಪ್ಪಬಹುದು ಎಂದಿತು. 2011ರಲ್ಲಿ ಕೆನಡಾದಿಂದ ಪುರಾವೆ ಬಂತು. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 408 ಮಹಿಳೆಯರ ಯಾದೃಚ್ಛಿಕ ಪ್ರಯೋಗದಲ್ಲಿ, ಯೋಜನೆ ಪಡೆದವರ ಮಾನಸಿಕ ಸಂಕಟ ಪಡೆಯದವರಿಗಿಂತ ಕಡಿಮೆಯಾಗಿರಲಿಲ್ಲ. ಆದರೂ ಅಮೆರಿಕದ ಕಮಿಷನ್ ಆನ್ ಕ್ಯಾನ್ಸರ್ 2012ರ ಮಾನದಂಡಗಳಲ್ಲಿ ಯೋಜನೆ ನೀಡುವುದನ್ನು ಆಸ್ಪತ್ರೆಗಳ ಮಾನ್ಯತೆಗೆ ಜೋಡಿಸಿತು. 2020ರ ಮಾನದಂಡಗಳಲ್ಲಿ ಆ ಕಡ್ಡಾಯವನ್ನು ಸಡಿಲಿಸಿತು.

ಹಾಗಾದರೆ ಯೋಜನೆ ವ್ಯರ್ಥವೇ? ಹಾಗೆ ತೀರ್ಮಾನಿಸುವುದೂ ತಪ್ಪು. ಒಂದೆರಡು ವರ್ಷಗಳ ಮಾನಸಿಕ ಸಂಕಟವನ್ನು ಅಳೆದ ಪ್ರಯೋಗ ಇಪ್ಪತ್ತು ವರ್ಷಗಳಾಚೆಯ ಹೃದಯದ ಬಗ್ಗೆ ಏನನ್ನೂ ಹೇಳಲಾರದು. ನನ್ನ ಆಕ್ಷೇಪ ಅಳತೆಯ ಬಗ್ಗೆ. ಎಷ್ಟು ಯೋಜನೆಗಳನ್ನು ಹಂಚಿದೆವು ಎಂದು ಎಣಿಸುವುದು ಸುಲಭ. ಹಂಚಿದ ಪಠ್ಯಪುಸ್ತಕಗಳನ್ನು ಎಣಿಸಿ ಮಕ್ಕಳು ಕಲಿತರೆಂದು ಹೇಳಿದರೆ ಶಿಕ್ಷಕರಾದ ನೀವು ಒಪ್ಪುವಿರಾ?

ಇನ್ನೊಂದು ಅಂಶವನ್ನು ಗಮನಿಸಿ. ನೂರು ಜನರಲ್ಲಿ ಮೂವತ್ತು ಮಂದಿ ಮಾತ್ರ ತಪಾಸಣೆಗೆ ಬರುತ್ತಾರೆಂದೂ ಅವರಲ್ಲಿ ಶೇಕಡ 90 ಮಂದಿಗೆ ಉತ್ತಮ ಆರೈಕೆ ಸಿಗುತ್ತದೆಂದೂ ಊಹಿಸಿ. ಆಸ್ಪತ್ರೆಯ ದಾಖಲೆಯಲ್ಲಿ ಗುಣಮಟ್ಟ ಶೇಕಡ 90. ನಿಜವಾಗಿ ಆರೈಕೆ ಪಡೆದವರು ನೂರಕ್ಕೆ 27. ಬಸ್ ಖರ್ಚಿಲ್ಲದೆ, ಕೂಲಿ ಬಿಡಲಾಗದೆ ಉಳಿದ ಎಪ್ಪತ್ತು ಮಂದಿ ಆ ದಾಖಲೆಯಲ್ಲೇ ಇಲ್ಲ. ಎಲ್ಲರಿಗೂ ಕೈಗೆಟಕುವ ವಿಮೆ ಬೇಕೆಂದು ವರದಿ ಹೇಳಿತ್ತು. ಆದರೆ ಮಾನ್ಯತೆಯ ಪಟ್ಟಿಗೆ ಸೇರಿದ್ದು ಎಣಿಸಲು ಸುಲಭವಾದ ಕಾಗದ.

ನಮ್ಮಲ್ಲೂ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಬಾಲ್ಯದ ಕ್ಯಾನ್ಸರ್‌ನಿಂದ ಗುಣವಾದವರಿಗಾಗಿ 1991ರಲ್ಲೇ ಪ್ರತ್ಯೇಕ ಕ್ಲಿನಿಕ್ ಆರಂಭವಾಯಿತು. ಅಂಥ ಮಗುವೊಂದು ನಿಮ್ಮ ತರಗತಿಗೆ ಮರಳಿದರೆ ತಂದೆತಾಯಿಗೆ ಒಂದು ಮಾತು ಹೇಳಿ: ಚಿಕಿತ್ಸೆಯ ಕಾಗದಗಳನ್ನು ಜೋಪಾನವಾಗಿಡಿ, ತಪಾಸಣೆ ತಪ್ಪಿಸಬೇಡಿ. ಮುಂದೆ ಯಾವುದೇ ಶೇಕಡಾವಾರು ಅಂಕಿ ಕಂಡಾಗ, ಅದು ಯಾವ ನೂರು ಜನರಲ್ಲಿ ಎಂದು ಕೇಳುವುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಕಲಿಸಿ.