ಚಿನ್ನ ಗೆದ್ದ ಮರುದಿನ

ಪ್ರಾಜೆಕ್ಟ್ ಬಿಡುಗಡೆ ಹತ್ತಿರವಾದಾಗ, ಪುಣೆಯ ನಮ್ಮ ಕಚೇರಿಯಲ್ಲಿ ಹುಡುಗರಿಗೆ ಹುರುಪು ತುಂಬಲು ನಾನು ಹೇಳುತ್ತಿದ್ದದ್ದು ಅಭಿನವ್ ಬಿಂದ್ರಾ ಕಥೆ. 2008ರ ಬೀಜಿಂಗ್ ಒಲಿಂಪಿಕ್ಸ್, 10 ಮೀಟರ್ ಏರ್ ರೈಫಲ್, ಕೊನೆಯ ಗುಂಡಿಗೆ 10.8, ಚಿನ್ನ. ರೋಹಿತ್ ಬ್ರಿಜನಾಥ್ ಜೊತೆಗೂಡಿ ಅವರು ಬರೆದ ಆತ್ಮಕಥೆ ‘ಎ ಶಾಟ್ ಅಟ್ ಹಿಸ್ಟರಿ’ (2011) ಓದಿದ್ದ ಧೈರ್ಯ ನನಗಿತ್ತು. ಈಚೆಗೆ ಅದನ್ನು ಎರಡನೇ ಸಲ ಓದಿದೆ. ನಾನು ಹೇಳಿಕೊಂಡು ಬಂದದ್ದು ಅರ್ಧ ಕಥೆ ಅನ್ನಿಸಿತು.

ಮಾನಸಿಕ ತರಬೇತಿ ಎಂದರೆ ಕಣ್ಣು ಮುಚ್ಚಿ ‘ಗೆದ್ದೇ ಗೆಲ್ಲುತ್ತೇನೆ’ ಎಂದು ಜಪಿಸುವುದು ಎಂದುಕೊಂಡವರು ನಮ್ಮಲ್ಲಿ ಬಹಳ. ಬಿಂದ್ರಾ ದಾರಿ ಬೇರೆ. 2004ರ ಅಥೆನ್ಸ್‌ನಲ್ಲಿ ಮೂರನೆಯವರಾಗಿ ಫೈನಲ್ ತಲುಪಿ ಏಳನೆಯವರಾಗಿ ಹೊರಬಂದರು. ತಾವು ನಿಂತಿದ್ದ ಜಾಗದ ಟೈಲ್ ಸಡಿಲವಾಗಿತ್ತೆಂದು ಆಮೇಲೆ ತಿಳಿಯಿತು. ಮನೆಯ ರೇಂಜಿನಲ್ಲೂ ಅಂಥದ್ದೇ ಸಡಿಲ ಟೈಲ್ ಹಾಕಿಸಿ, ಅದರ ಮೇಲೆ ನಿಂತು ಗುರಿಯಿಟ್ಟರಂತೆ. ಬೀಜಿಂಗ್‌ನ ದೊಡ್ಡ ಸಭಾಂಗಣಕ್ಕೆ ಮೊದಲೇ ಒಗ್ಗಿಕೊಳ್ಳಲು ಮದುವೆ ಮಂಟಪ ಬಾಡಿಗೆ ಹಿಡಿದರು. ಜರ್ಮನಿಯಲ್ಲಿ ಸುಮಾರು 40 ಅಡಿ ಎತ್ತರದ ಕಂಬ ಹತ್ತಿದರು. ನಡುವೆ ಸಾಕೆನಿಸಿದರೂ ತುದಿ ಮುಟ್ಟಿಯೇ ಇಳಿದರು. ಇದೆಲ್ಲ ಗೆಲುವಿನ ಕನಸಲ್ಲ, ಕೆಟ್ಟ ದಿನದ ತಾಲೀಮು.

ಆ ಕೆಟ್ಟ ದಿನ ಬಂದೂ ಬಂತು. ಬೀಜಿಂಗ್ ಫೈನಲ್‌ಗೆ ಮುನ್ನ ಹಾರಿಸಿದ ಅಭ್ಯಾಸದ ಗುಂಡು ಗುರಿಯಿಂದ ಎಲ್ಲೋ ಹೋಯಿತು. ಬಂದೂಕಿನ ಸೈಟ್ ಕದಲಿತ್ತು. ಸರಿಪಡಿಸಿಕೊಂಡು ನಿಂತರು. ನಾಲ್ಕನೇ ಸ್ಥಾನದಿಂದ ಹೊರಟು, ಕೊನೆಯ ಗುಂಡಿಗೆ ಮುನ್ನ ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಅವರಿಗೆ ಸಮನಾದರು. ಅವರದು 9.7, ಇವರದು 10.8.

ಈ ಭಾಗಗಳಿಗಾಗಿಯೇ ಪುಸ್ತಕ ಓದಬೇಕು. ಮನೆಯಲ್ಲೇ ರೇಂಜ್ ಕಟ್ಟಿಸಿಕೊಟ್ಟ ತಂದೆಯ ಸಿರಿತನವನ್ನೂ ಅದು ಮರೆಮಾಚುವುದಿಲ್ಲ. ನನ್ನ ತಕರಾರು ಇರುವುದು ಗೀಳಿನ ಬಗ್ಗೆ. ಉಪಶೀರ್ಷಿಕೆಯಲ್ಲೇ ಆ ಪದವಿದೆ, ಅದೂ ಚಿನ್ನದ ಪಕ್ಕದಲ್ಲಿ. ಎರಡನ್ನೂ ಹಾಗೆ ಕೂಡಿಸಿಟ್ಟಾಗ ಗೀಳು ಒಂದು ಕಾಯಿಲೆಯಾಗಿ ಕಾಣದೆ ಬೆಲೆಚೀಟಿಯಾಗಿ ಕಾಣುತ್ತದೆ: ಇಷ್ಟು ಕೊಟ್ಟರೆ ಅಷ್ಟು ಸಿಗುತ್ತದೆ. ಸಿಗಲೇಬೇಕೆಂದಿಲ್ಲ. 2016ರ ರಿಯೊದಲ್ಲಿ ಇದೇ ಬಿಂದ್ರಾ ನಾಲ್ಕನೆಯವರಾದರು. ಸಿಕ್ಕಾಗಲೂ ಲೆಕ್ಕ ಚುಕ್ತಾ ಆಗಲಿಲ್ಲ. ಗೆದ್ದ ಮೇಲೆ ಕವಿದ ಖಾಲಿತನವೇ ತಮ್ಮ ಬದುಕಿನ ದೊಡ್ಡ ಮಾನಸಿಕ ಬಿಕ್ಕಟ್ಟು ಎಂದು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಗುರಿ ತಲುಪುವವರೆಗಿನ ಪ್ರತಿ ಕ್ಷಣಕ್ಕೂ ತಾಲೀಮು ಮಾಡಿದ ಮನಸ್ಸಿಗೆ ಮರುದಿನದ ತಾಲೀಮು ಇರಲಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟವನು ನಮ್ಮ ತಂಡದ ರಾಯಚೂರಿನ ಹುಡುಗ. ಎರಡು ತಿಂಗಳು ರಾತ್ರಿ ಹಗಲೆನ್ನದೆ ದುಡಿದವನಿಗೆ ಬಹುಮಾನವೆಂದು ಈ ಪುಸ್ತಕ ಕೊಟ್ಟಿದ್ದೆ. ಓದಿ ವಾಪಸ್ ಕೊಡುವಾಗ ಕೇಳಿದ: “ಸರ್, ಗೆದ್ದ ಮೇಲಾದ್ರೂ ಅವ್ರಿಗೆ ನಿದ್ದಿ ಬಂತೇನ್ರೀ?”

ಅವನಿಗೆ ಬರುತ್ತಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಮರುವಾರ ಅವನನ್ನು ರಜೆಯ ಮೇಲೆ ಊರಿಗೆ ಕಳಿಸಿದೆ. ಪುಸ್ತಕವನ್ನು ಈಗಲೂ ಇತರರಿಗೆ ಕೊಡುತ್ತೇನೆ. ಆದರೆ ಮೀಟಿಂಗ್‌ಗಳಲ್ಲಿ 10.8ರ ಕಥೆ ಹೇಳುವುದನ್ನು ಬಿಟ್ಟಿದ್ದೇನೆ.