ಮೊದಲು ಗಿಡ, ಆಮೇಲೆ ಮೀನು

ಅಕ್ವೇರಿಯಂ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಯಾವುದೋ ಕ್ಲಿನಿಕ್ಕಿನ ಮೂಲೆ. ನೀಲಿ ಬಣ್ಣ ಬಳಿದ ಜಲ್ಲಿ, ಪ್ಲಾಸ್ಟಿಕ್ ಗಿಡ, ಮುಚ್ಚಳ ತೆರೆದಾಗಲೆಲ್ಲ ಗುಳ್ಳೆ ಉಗುಳುವ ನಿಧಿಪೆಟ್ಟಿಗೆ, ಅವುಗಳ ಮೇಲೆ ಬೇಸರದಿಂದ ಸುತ್ತುವ ಗೋಲ್ಡ್‌ಫಿಶ್. ಅಲ್ಲಿ ಮೀನೇ ಎಲ್ಲ, ಉಳಿದದ್ದು ರಂಗದ ಹಿಂದಿನ ಪರದೆ. ನಾನಿಲ್ಲಿ ಹೇಳಹೊರಟಿರುವ ಕಲೆಯಲ್ಲಿ ಈ ಕ್ರಮ ತಿರುವುಮುರುವು. ಗಾಜಿನೊಳಗೆ ಬೆಳೆಯಬೇಕಾದ್ದು ಒಂದು ತೋಟ. ಮೀನು ಅಲ್ಲಿಗೆ ತಡವಾಗಿ ಬರುವ ಅತಿಥಿ. ಬಾರದಿದ್ದರೂ ತೋಟಕ್ಕೆ ಕೊರತೆಯಿಲ್ಲ.

ಗಿಡವನ್ನು ನೆಚ್ಚಿ ತೊಟ್ಟಿ ಕಟ್ಟುವ ಯೋಚನೆ ಅಕ್ವೇರಿಯಂನಷ್ಟೇ ಹಳೆಯದು. 1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 12 ಗ್ಯಾಲನ್ನಿನ ಪಾತ್ರೆಯೊಂದರಲ್ಲಿ ಎರಡು ಪುಟ್ಟ ಗೋಲ್ಡ್‌ಫಿಶ್ ಬಿಟ್ಟು, ಜೊತೆಗೆ ರಿಬ್ಬನ್ನಿನಂಥ ಎಲೆಯ ವ್ಯಾಲಿಸ್ನೇರಿಯಾ ನೆಟ್ಟ. ಮೀನಿಗೆ ಬೇಕಾದ ಆಮ್ಲಜನಕ ಗಿಡದಿಂದ ಸಿಕ್ಕಿತು. ಆದರೆ ಹಳೆಯ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆಯನ್ನು ಮೀನು ತಿಂದವು, ನೀರು ಮತ್ತೆ ತಿಳಿಯಾಯಿತು. ಮರುವರ್ಷ ಆತ ಇದನ್ನು ಪ್ರಬಂಧವಾಗಿ ಪ್ರಕಟಿಸಿದ. ಮೋಟಾರಿಲ್ಲ, ಕರೆಂಟಿಲ್ಲ. ಇಂದಿಗೂ ಹೊಸಬರು ಮೊದಲು ತಿಳಿಯಬೇಕಾದದ್ದು ಈ ಮೂವರ ಲೆಕ್ಕಾಚಾರವನ್ನೇ.

ಅಲ್ಲಿಂದ ಕಲೆಯ ಕಡೆಗೆ ಹೊರಳಿದ್ದು ಎರಡು ದಾರಿಗಳಲ್ಲಿ. ಡಚ್ಚರು 1930ರ ದಶಕದ ಹೊತ್ತಿಗೆ ಗಿಡಗಳನ್ನೇ ಸಾಲುಸಾಲಾಗಿ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಪದ್ಧತಿ ಬೆಳೆಸಿದರು. ಕೆಂಪೆಲೆಯ ಪಕ್ಕ ಹಸಿರೆಲೆ, ಅಗಲ ಎಲೆಯ ಮಗ್ಗುಲಲ್ಲಿ ಸೂಜಿ ಎಲೆ. ಕಲ್ಲು, ಮರಕ್ಕೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಇನ್ನೊಂದು ದಾರಿ ಜಪಾನಿನ ತಕಾಶಿ ಅಮಾನೊನದು. 1954ರಲ್ಲಿ ನಿಗಾಟದಲ್ಲಿ ಹುಟ್ಟಿದ ಈತ ಮೊದಲು ಸೈಕಲ್ ಪಂದ್ಯಗಳ ವೃತ್ತಿಪರ ಸವಾರ, ಆಮೇಲೆ ಕಾಡುಗಳ ಛಾಯಾಗ್ರಾಹಕ. ತಾನು ಕ್ಯಾಮೆರಾದಲ್ಲಿ ಕಂಡ ಬೆಟ್ಟ, ಬಂಡೆ, ಹುಲ್ಲುಗಾವಲುಗಳನ್ನು ನೀರಿನೊಳಗೆ ಕಟ್ಟಿದ. ಕಲ್ಲು, ಒಣಮರದ ಬೊಡ್ಡೆ, ಪುಟ್ಟ ಗಿಡ ಇಷ್ಟರಲ್ಲೇ ಒಂದು ಕಣಿವೆ ಕಾಣಿಸಿದ. ಕಲ್ಲುಗಳನ್ನಷ್ಟೇ ನೆಚ್ಚುವ ಅವನ ‘ಇವಾಗುಮಿ’ ಶೈಲಿಯಲ್ಲಿ ಕಲ್ಲುಗಳ ಸಂಖ್ಯೆ ಸಾಮಾನ್ಯವಾಗಿ ಬೆಸ. ಒಂದು ದೊಡ್ಡ ಕಲ್ಲು ಯಜಮಾನ, ಉಳಿದವು ಅದರತ್ತ ವಾಲಿದ ಪರಿವಾರ. 2015ರಲ್ಲಿ ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ ಲಿಸ್ಬನ್ನಿನಲ್ಲಿ ಆತ ಮುಗಿಸಿದ ತೊಟ್ಟಿಯ ಉದ್ದ 40 ಮೀಟರ್.

ಇಂಥ ತೊಟ್ಟಿಯನ್ನು ನೋಡುವುದಕ್ಕೂ ಒಂದು ರೂಢಿ ಬೇಕು. ಮೇಲಿನಿಂದ ಬಗ್ಗಿ ನೋಡಬೇಡಿ. ಕುರ್ಚಿ ಎಳೆದುಕೊಂಡು, ಕಣ್ಣು ನೀರಿನ ನಡುಮಟ್ಟಕ್ಕೆ ಬರುವಂತೆ ಎರಡು ಮಾರು ದೂರ ಕುಳಿತುಕೊಳ್ಳಿ. ಗಿಡಗಳಿಗಿಂತ ಮೊದಲು ಏನೂ ಇಲ್ಲದ ಜಾಗವನ್ನು ಹುಡುಕಿ. ಒಳ್ಳೆಯ ತೊಟ್ಟಿಯಲ್ಲಿ ಖಾಲಿ ಜಾಗ ಖಂಡಿತ ಇರುತ್ತದೆ: ಬರಿಯ ನೀರು, ಅಥವಾ ಮುಂದಿನ ಒಂದು ತುಂಡು ಮರಳು. ಕಣ್ಣು ಅಲ್ಲಿಂದ ಒಳಗೆ ಹೋಗುತ್ತದೆ. ಆಮೇಲೆ ಮುಖ್ಯ ಕಲ್ಲು ಅಥವಾ ಬೊಡ್ಡೆ ಎಲ್ಲಿದೆ ನೋಡಿ. ನಟ್ಟನಡುವೆ ಇದ್ದರೆ ತೊಟ್ಟಿ ದೇವರ ಮಂಟಪದಂತೆ ಕಾಣುತ್ತದೆ, ಕಾಡಿನಂತೆ ಕಾಣುವುದಿಲ್ಲ. ಬಲ್ಲವರು ಅದನ್ನು 1:1.618ರ ಅನುಪಾತದಲ್ಲಿ ಒಂದು ಬದಿಗೆ ಸರಿಸುತ್ತಾರೆ; 60 ಸೆಂಟಿಮೀಟರ್ ಉದ್ದದ ತೊಟ್ಟಿಯಲ್ಲಿ ಅದು ಒಂದು ಅಂಚಿನಿಂದ ಸುಮಾರು 23 ಸೆಂಟಿಮೀಟರ್. ಮೂರನೆಯದು ದೂರದ ಭ್ರಮೆ. ಮಣ್ಣು ಮುಂದೆ 3 ಸೆಂಟಿಮೀಟರ್, ಹಿಂದೆ 8. ಮುಂದೆ ಅಗಲವಾಗಿ ಹೊರಟ ಮರಳುದಾರಿ ಹಿಂದೆ ಹೋಗುತ್ತ ಕಿರಿದಾಗುತ್ತದೆ. ಅಷ್ಟರಿಂದಲೇ ಒಂದಡಿ ಆಳದ ಗಾಜಿನಲ್ಲಿ ಒಂದು ಮೈಲಿ ಕಾಣುತ್ತದೆ. ಅಲ್ಲಿಗೆ ಒಂದು ಗೇಣುದ್ದದ ಮೀನು ಬಂತೋ, ಬೆಟ್ಟ ಮತ್ತೆ ಕಲ್ಲಾಗುತ್ತದೆ. ಪುಟ್ಟ ತೊಟ್ಟಿಗೆ ಪುಟ್ಟ ಮೀನೇ ಆಗಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಸ್ಪರ್ಧೆಗಳ ಫೋಟೋಗಳಿಗೆ ಮರುಳಾಗಬೇಡಿ ಎಂಬುದು ನನ್ನ ಕಟುವಾದ ಅಭಿಪ್ರಾಯ. ಅಮಾನೊನ ಕಂಪನಿ 2001ರಲ್ಲಿ ಆರಂಭಿಸಿದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ತೀರ್ಪು ನಡೆಯುವುದು ಫೋಟೋ ನೋಡಿ. ಹೀಗಾಗಿ ಎಷ್ಟೋ ತೊಟ್ಟಿಗಳು ಒಂದು ದಿನದ ಸೊಬಗಿಗಾಗಿ ಸಿಂಗರಿಸಿಕೊಂಡಿರುತ್ತವೆ. ರಸಿಕರು ಕೇಳಬೇಕಾದ ಮೊದಲ ಪ್ರಶ್ನೆ: ಇದಕ್ಕೆ ಎಷ್ಟು ತಿಂಗಳಾಯಿತು? ಎರಡು ವರ್ಷ ದಾಟಿದ, ಕಲ್ಲಿನ ಮೇಲೆ ಪಾಸಿ ತಾನಾಗಿ ಹಬ್ಬಿದ, ಎಲ್ಲೋ ಒಂದು ಗಿಡ ಯಜಮಾನನ ಮಾತು ಕೇಳದೆ ಬಾಗಿದ ತೊಟ್ಟಿ ನನ್ನ ಕಣ್ಣಿಗೆ ಹೆಚ್ಚು ಚಂದ.

ನೋಟದ ಇನ್ನೊಂದು ಸುಖ ಎಲೆಯಲ್ಲಿದೆ. ಅಂಗಡಿಗೆ ಬರುವ ಬಹುಪಾಲು ಗಿಡಗಳು ನರ್ಸರಿಯಲ್ಲಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆದವು. ಅವನ್ನು ಮುಳುಗಿಸಿದರೆ ಹಳೆಯ ಎಲೆ ಕರಗುತ್ತದೆ. ಹೊಸಬರು ಗಿಡ ಸತ್ತಿತೆಂದು ಕಿತ್ತೆಸೆಯುತ್ತಾರೆ. ಸ್ವಲ್ಪ ತಾಳಿ. ಬುಡದಿಂದ ಬರುವ ಹೊಸ ಎಲೆ ಬೇರೆಯದೇ ಆಕಾರದ್ದು. ನಮ್ಮ ಉಪಖಂಡದ್ದೇ ಆದ ‘ವಾಟರ್ ವಿಸ್ಟೀರಿಯಾ’ ಇದಕ್ಕೆ ಒಳ್ಳೆಯ ಉದಾಹರಣೆ. ನೀರಿನ ಮೇಲೆ ಅದರ ಎಲೆ ಹಲ್ಲಂಚಿನ ಸಾದಾ ಎಲೆ, ನೀರೊಳಗೆ ಸೀಳುಸೀಳಾಗಿ ಕಸೂತಿಯಂತಾಗುತ್ತದೆ. ರೋಟಾಲಾ ಗಿಡದ ದುಂಡನೆಯ ಎಲೆ ಮುಳುಗಿದ ಮೇಲೆ ನೀಳವಾಗುತ್ತದೆ. ಕ್ರಿಪ್ಟೊಕೊರೈನ್ ಜಾತಿಯ ಗಿಡಗಳಂತೂ ಜಾಗ ಬದಲಿಸಿದ ಕೋಪಕ್ಕೆ ಇದ್ದಬದ್ದ ಎಲೆಯನ್ನೆಲ್ಲ ಕರಗಿಸಿಕೊಂಡು, ಬೇರಿನಿಂದ ಮತ್ತೆ ಚಿಗುರುತ್ತವೆ. ಬೇರನ್ನು ಮುಟ್ಟದಿದ್ದರೆ ಸಾಕು.

ಮಧ್ಯಾಹ್ನ ಬೆಳಕು ಬಿದ್ದು ಕೆಲವು ಗಂಟೆ ಕಳೆದ ಮೇಲೆ ಎಲೆಯ ಅಂಚಿನಲ್ಲಿ ಮುತ್ತಿನಂಥ ಗುಳ್ಳೆಗಳು ಕಟ್ಟಿ ಒಂದೊಂದಾಗಿ ಮೇಲೇರುವುದುಂಟು. ಹೈಸ್ಕೂಲಿನಲ್ಲಿ ಆಲಿಕೆಯ ಕೆಳಗೆ ಹೈಡ್ರಿಲ್ಲಾ ಇಟ್ಟು ಪ್ರಯೋಗದ ಚಿತ್ರ ಬಿಡಿಸಿದವರಿಗೆಲ್ಲ ಇದು ಗೊತ್ತು. ನೀರಿನಲ್ಲಿ ಇನ್ನು ಕರಗಲಾರದಷ್ಟು ಆಮ್ಲಜನಕ ಸೇರಿದಾಗ ಉಳಿದದ್ದು ಹೀಗೆ ಗುಳ್ಳೆಯಾಗುತ್ತದೆ. ನೀರು ಬದಲಿಸಿದ ದಿನವೂ ಗುಳ್ಳೆ ಕಾಣುತ್ತದೆ, ಆದರೆ ಅದು ನಲ್ಲಿ ನೀರಿನೊಳಗಿನ ಗಾಳಿ. ಕಲ್ಲಿಗೂ ಗಾಜಿಗೂ ಒಂದೇ ಸಮ ಅಂಟಿಕೊಂಡಿರುತ್ತದೆ.

ಇನ್ನು ಕಟ್ಟುವ ಮಾತು. ಮೊದಲ ತೊಟ್ಟಿಗೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಹೇಳಿ ಮಾಡಿಸಿದ ಅಳತೆ. ಸುಮಾರು 55 ಲೀಟರ್. ಅದಕ್ಕಿಂತ ಚಿಕ್ಕದು ಸುಲಭ ಎಂದು ತೋರುತ್ತದೆ, ನಿಜಕ್ಕೂ ಕಷ್ಟ. ಕಡಿಮೆ ನೀರು ಬೇಗ ಕೆಡುತ್ತದೆ, ಬೇಗ ಕಾಯುತ್ತದೆ. ನೀರು, ಮಣ್ಣು, ಕಲ್ಲು, ಗಾಜು ಎಲ್ಲ ಸೇರಿ 80 ಕಿಲೋ ಮೀರುವುದರಿಂದ ಗಟ್ಟಿ ಮೇಜು ಬೇಕು, ತೊಟ್ಟಿಯ ಕೆಳಗೆ ಥರ್ಮೋಕೋಲ್ ಹಾಳೆ ಬೇಕು. ಕಿಟಕಿಯ ನೇರ ಬಿಸಿಲು ಬೀಳುವ ಜಾಗ ಬೇಡ. ಅಲ್ಲಿ ಗಿಡಕ್ಕಿಂತ ಮುಂಚೆ ಪಾಚಿ ಬೆಳೆಯುತ್ತದೆ.

ತಳಕ್ಕೆ ವಿದೇಶಿ ಮಣ್ಣಿನ ಚೀಲ ಕೊಳ್ಳಬಹುದು, ಕೊಳ್ಳದೆಯೂ ಮಾಡಬಹುದು. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರ ತಮ್ಮ ಪುಸ್ತಕದಲ್ಲಿ ತೋರಿಸಿದ ದಾರಿ ನಮ್ಮ ಜೇಬಿಗೂ ಹಿತ: ಕೆಳಗೆ ಒಂದು ಇಂಚು ಸಾದಾ ತೋಟದ ಮಣ್ಣು, ಮೇಲೆ ಒಂದು ಇಂಚು ಸಣ್ಣ ಜಲ್ಲಿ. ನಮ್ಮ ಕೆಮ್ಮಣ್ಣಿನಲ್ಲಿ ಕಬ್ಬಿಣದ ಅಂಶ ಧಾರಾಳ. ಜರಡಿ ಹಿಡಿದು, ಬೇರು-ಕಡ್ಡಿ ತೆಗೆದು, ತೆಳ್ಳಗೆ ಹಾಸಿ. ಸಗಣಿ ಗೊಬ್ಬರ ಬೆರೆಸುವ ಆಸೆ ಬೇಡ, ಅದು ನೀರಿಗೆ ಅಮೋನಿಯಾ ಬಿಡುತ್ತದೆ. ಸಮುದ್ರದ ಮರಳೂ ಬೇಡ. ಆರಿಸಿದ ಕಲ್ಲಿನ ಮೇಲೆ ಒಂದು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಸುಣ್ಣದ ಕಲ್ಲು, ನೀರನ್ನು ಗಡಸು ಮಾಡುತ್ತದೆ. ಮರದ ಬೊಡ್ಡೆಯನ್ನು ಕುದಿಸಿ, ಕೆಲವು ದಿನ ನೆನೆಹಾಕಿ. ಆಮೇಲೂ ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅದರಿಂದ ಕೇಡಿಲ್ಲ, ಕೆಲವರಿಗೆ ಅದೇ ಇಷ್ಟ.

ಬೆಂಗಳೂರಿನವರಿಗೆ ನೀರಿನದೇ ದೊಡ್ಡ ಕಥೆ. ಕಾವೇರಿ ನೀರಾದರೆ ಕ್ಲೋರಿನ್ ಕಳೆಯಬೇಕು: ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಡಿ, ಇಲ್ಲವೆ ಅಂಗಡಿಯಲ್ಲಿ ಸಿಗುವ ‘ಹೈಪೊ’ ಹರಳು ಹಾಕಿ. ಬೋರ್ ನೀರು ಬಹುತೇಕ ಗಡಸು, ಗಾಜಿನಂಚಿಗೆ ಬಿಳಿ ಕಲೆ ಕಟ್ಟುತ್ತದೆ. ಆದರೂ ವ್ಯಾಲಿಸ್ನೇರಿಯಾ ಅದನ್ನೇ ಮೆಚ್ಚಿ ಬೆಳೆಯುತ್ತದೆ. ಬರೀ ಆರ್‌ಓ ನೀರು ತುಂಬುವುದು ತಪ್ಪು, ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಇರುವುದಿಲ್ಲ. ಅಪಾರ್ಟ್‌ಮೆಂಟಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವ ದಿನ ಯಾವುದೆಂದು ಕಾವಲುಗಾರರನ್ನು ಕೇಳಿಟ್ಟುಕೊಳ್ಳಿ. ಬೆಂಗಳೂರು, ಮೈಸೂರಿನ ಮನೆಯೊಳಗೆ ಹೀಟರ್ ಬೇಕಾಗುವುದು ಅಪರೂಪ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ಸಮಸ್ಯೆ ಅದರ ವಿರುದ್ಧದ್ದು: ನೀರಿನ ಮೇಲ್ಮೈಗೆ ಒಂದು ಪುಟ್ಟ ಫ್ಯಾನ್ ತಿರುಗಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಬೆಳಕಿಗೆ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಸಾಕು. ದಿನಕ್ಕೆ ಆರರಿಂದ ಎಂಟು ಗಂಟೆ, ಟೈಮರ್ ಹಾಕಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಮೊದಲ ತೊಟ್ಟಿಗೆ ಬೇಡವೇ ಬೇಡ. ಅದು ಬಂದರೆ ಬೆಳಕು ಹೆಚ್ಚಬೇಕು, ಗೊಬ್ಬರ ಹೆಚ್ಚಬೇಕು, ಕತ್ತರಿ ಕೆಲಸ ವಾರವಾರವೂ ಹೆಚ್ಚಬೇಕು.

ಹಾಗಾದರೆ ಯಾವ ಗಿಡ? ಹಿಂದೆ ವ್ಯಾಲಿಸ್ನೇರಿಯಾ, ವಾಟರ್ ವಿಸ್ಟೀರಿಯಾ, ಹೈಗ್ರೊಫಿಲಾ ಪಾಲಿಸ್ಪರ್ಮಾ. ನಡುವೆ ಕ್ರಿಪ್ಟೊಕೊರೈನ್. ಬೊಡ್ಡೆಗೆ ದಾರದಿಂದ ಕಟ್ಟಲು ಜಾವಾ ಫರ್ನ್, ಅನೂಬಿಯಾಸ್. ಇವುಗಳ ದಪ್ಪ ಕಾಂಡವನ್ನು ಮಣ್ಣಲ್ಲಿ ಹೂತರೆ ಕೊಳೆಯುತ್ತದೆ. ನಮ್ಮ ಗದ್ದೆ ಬದಿಯ ನೀರುಬ್ರಾಹ್ಮಿಯೂ ಲೋಕದ ಅಕ್ವೇರಿಯಂ ಅಂಗಡಿಗಳಲ್ಲೆಲ್ಲ ‘ಬಕೋಪಾ’ ಆಗಿ ಮಾರಾಟವಾಗುವ ಗಿಡವೇ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಎಂಬ ಅಲೆಯಂಚಿನ ಗಿಡ ಬಂಡೆಗಳ ನಡುವೆ ಬೇರೂರಿ ಹರಿವಿಗೆ ಬಳುಕುತ್ತಿರುತ್ತದೆ. ಮಲೆನಾಡಿಗೆ ಹೋದಾಗ ಅದನ್ನು ಅಲ್ಲೇ ಕುಳಿತು ನೋಡಿ; ಕಿತ್ತು ತರಬೇಡಿ. ಜಪಾನಿನ ಬೆಟ್ಟದ ನಕಲಿಗಿಂತ ಅಂಥ ಒಂದು ಹೊಳೆಯ ನೆನಪನ್ನು ತೊಟ್ಟಿಗೆ ತರುವುದು ಹೆಚ್ಚು ರಸವತ್ತಾದ ಕೆಲಸ. ಗಿಡಗಳನ್ನು ಮೊದಲ ದಿನವೇ ಒತ್ತಾಗಿ ನೆಡಿ. ಜಿಪುಣತನ ತೋರಿದರೆ ಉಳಿದ ಜಾಗವನ್ನು ಪಾಚಿ ತುಂಬುತ್ತದೆ.

ಆಮೇಲೆ ಕಾಯುವುದು. ನೀರಿಗಿಳಿದ ಮೀನಿನ ಮಲ, ಮಿಕ್ಕ ಆಹಾರ ಎಲ್ಲ ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ, ಇದು ಗಿಡದ ಊಟ. ಈ ಜೀವಿಗಳು ಸ್ಪಾಂಜ್ ಫಿಲ್ಟರಿನಲ್ಲಿ, ಜಲ್ಲಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿ ಮತ್ತು ಮೀನನ್ನು ಒಂದೇ ದಿನ ಒಂದೇ ಚೀಲದಲ್ಲಿ ಮಾರುವ ಅಂಗಡಿಯವರು ಇದನ್ನು ಹೇಳುವುದಿಲ್ಲ. ಮೂರನೇ ದಿನಕ್ಕೆ ಮೀನು ತೇಲಿದರೆ ‘ನಮ್ಮ ಕೈಗುಣ ಸರಿಯಿಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಕೈಗುಣದ ಮಾತಲ್ಲ, ಆತುರದ ಮಾತು. ಈ ವಾರಗಳಲ್ಲಿ ಗಾಜಿನ ಮೇಲೆ ಕಂದು ಧೂಳಿನಂಥ ಪಾಚಿ ಬರುತ್ತದೆ, ತಾನಾಗಿ ಹೋಗುತ್ತದೆ. ವಾರಕ್ಕೆರಡು ಸಲ ಮೂರನೇ ಒಂದು ಪಾಲು ನೀರು ಬದಲಿಸಿ. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನಿನ ಮಾತು.

ಆಗಲೂ ಕೈ ಬಿಗಿಯಿರಲಿ. ಎಂಟು ಜೀಬ್ರಾ ಡ್ಯಾನಿಯೊ ಸಾಕು. ನಮ್ಮ ದೇಶದ ತೊರೆಗಳ ಮೀನು, ಗುಂಪಿನಲ್ಲಷ್ಟೇ ನೆಮ್ಮದಿಯಾಗಿರುತ್ತದೆ. ಶಾಂತ ನೋಟ ಬೇಕೆಂದರೆ ಒಂದು ಜೋಡಿ ಹನಿ ಗೌರಾಮಿ, ಜೊತೆಗೆ ಪಾಚಿ ಮೇಯಲು ಹತ್ತು ಚೆರ್ರಿ ಸೀಗಡಿ. ಗೋಲ್ಡ್‌ಫಿಶ್ ಗಿಡವನ್ನು ಮೇಯುತ್ತದೆ, ಬೇಡ. ‘ಮಿಸ್ ಕೇರಳ’ ಎಂಬ ಕೆಂಪು ಪಟ್ಟೆಯ ಚೆಲುವೆ ಘಟ್ಟದ ಹೊಳೆಗಳ ಅಳಿವಿನಂಚಿನ ಮೀನು. ಎರಡಡಿ ತೊಟ್ಟಿಗೆ ಹೇಗೂ ದೊಡ್ಡದು. ಅಂಗಡಿಯವರು ‘ಗಾಜು ಕ್ಲೀನ್ ಮಾಡುತ್ತೆ’ ಎಂದು ಕೊಡುವ ಸಕ್ಕರ್ ಮೀನು ಒಂದಡಿ ಮೀರಿ ಬೆಳೆಯುತ್ತದೆ. ಬೆಳೆದ ಮೇಲೆ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ.

ಅದಕ್ಕೇ ಕೊನೆಯದಾಗಿ ಒಂದು ಬೇಡಿಕೆ. ಕತ್ತರಿಸಿದ ಗಿಡವಾಗಲಿ, ಬಸವನಹುಳುವಾಗಲಿ, ಸಾಕಲಾರದ ಮೀನಾಗಲಿ ಊರ ಕೆರೆಗೆ, ರಾಜಕಾಲುವೆಗೆ ಬಿಡಬೇಡಿ. ಇಂದು ನಮ್ಮ ಕೆರೆಗಳನ್ನು ಮುಚ್ಚಿರುವ ನೇರಳೆ ಹೂವಿನ ಕಳೆ ಚಂದದ ಗಿಡವೆಂದೇ ದಕ್ಷಿಣ ಅಮೆರಿಕದಿಂದ ಹೊರಗೆ ಬಂದದ್ದು. ಸಕ್ಕರ್ ಮೀನೂ ಈಗ ದೇಶದ ಹಲವು ಕೆರೆ-ನದಿಗಳಲ್ಲಿ ನೆಲೆಸಿದೆ. ಹೆಚ್ಚಾದ ಗಿಡವನ್ನು ಹೊಸದಾಗಿ ತೊಟ್ಟಿ ಕಟ್ಟುವವರಿಗೆ ಕೊಡಿ, ಯಾರೂ ಸಿಗದಿದ್ದರೆ ಒಣಗಿಸಿ ತುಳಸಿಕಟ್ಟೆಯ ಮಣ್ಣಿಗೆ ಸೇರಿಸಿ. ಮೀನನ್ನು ಅಂಗಡಿಗೇ ಮರಳಿಸಿ.