ವಿಕಿಸೋರ್ಸ್ ಮತ್ತು ಗ್ರಂಥಸಂಪಾದನೆಯ ಬೋಧನೆ: ಒಂದು ವಿಮರ್ಶೆ

ಗ್ರಂಥಸಂಪಾದನಶಾಸ್ತ್ರವು ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿ ಬಹುಕಾಲದಿಂದ ಪಾಠ್ಯವಿಷಯವಾಗಿದೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' 1964ರಲ್ಲಿ ಪ್ರಕಟವಾದ ಮೇಲೆ ಈ ಶಾಸ್ತ್ರದ ತತ್ತ್ವಗಳನ್ನು ಕನ್ನಡದಲ್ಲಿಯೇ ಬೋಧಿಸುವುದಕ್ಕೆ ಭದ್ರವಾದ ತಳಹದಿ ದೊರೆಯಿತು. ಆದರೆ ತತ್ತ್ವವನ್ನು ಬೋಧಿಸುವುದು ಬೇರೆ, ಅಭ್ಯಾಸ ಮಾಡಿಸುವುದು ಬೇರೆ. ಹಳೆಯ ಓಲೆಗರಿಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೆ ಕೊಡುವುದು ಯಾವ ವಿಭಾಗಕ್ಕೂ ಸಾಧ್ಯವಿಲ್ಲ. ಕೊಟ್ಟರೆ ಗರಿಗಳು ಉಳಿಯುವುದೂ ಇಲ್ಲ. ಈ ಕಾರಣದಿಂದ, ಪಾಠಾಂತರವೆಂದರೇನು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಸೊಗಸಾದ ಉತ್ತರವನ್ನು ಬರೆಯಬಲ್ಲ ವಿದ್ಯಾರ್ಥಿ ತಾನಾಗಿ ಒಂದು ಪಾಠಾಂತರವನ್ನೂ ಗುರುತಿಸದೆಯೇ ಪದವಿಯನ್ನು ಪಡೆದು ಹೊರಗೆ ಹೋಗುವುದುಂಟು. ಈ ಕೊರತೆಯನ್ನು ಅಂತರ್ಜಾಲದ ಸಹಯೋಗಸಾಧನಗಳು ಎಷ್ಟರಮಟ್ಟಿಗೆ ತುಂಬಬಲ್ಲವು, ಎಲ್ಲಿ ತುಂಬಲಾರವು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

2020ರ ಮಾರ್ಚ್ ತಿಂಗಳಿನಲ್ಲಿ ಕಾಲೇಜುಗಳು ಮುಚ್ಚಿದಾಗ ಅಧ್ಯಾಪಕರಾದ ನಮ್ಮಲ್ಲಿ ಬಹುಮಂದಿ ಇಂತಹ ಸಾಧನಗಳನ್ನು ಕಲಿತದ್ದು ಇಷ್ಟಪಟ್ಟಲ್ಲ, ಬೇರೆ ದಾರಿಯಿಲ್ಲದೆ. ಯಾವ ಗುಂಡಿಯನ್ನು ಒತ್ತಿದರೆ ಏನಾಗುತ್ತದೆಂಬುದನ್ನು ಆಗ ಬೇಗನೆ ತಿಳಿದುಕೊಂಡೆವು. ಸಾಧನವು ನಮ್ಮ ಬೋಧನೆಯ ಸ್ವರೂಪವನ್ನು ಹೇಗೆ ಮಾರ್ಪಡಿಸುತ್ತದೆಂಬ ವಿಚಾರ ಮಾತ್ರ ಹಿಂದೆ ಬಿತ್ತು. ತೆರೆಯ ಮೇಲೆ ಉಪನ್ಯಾಸ ಮಾಡುವುದು ಸಹಯೋಗವಲ್ಲ. ಹಲವರು ಒಂದೇ ಬರಹಕ್ಕೆ ಕೈಯಿಟ್ಟು, ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಿ, ಆ ತಿದ್ದುಪಡಿಗೆ ಎಲ್ಲರೂ ಸಾಕ್ಷಿಗಳಾಗುವ ವ್ಯವಸ್ಥೆಯೇ ಸಹಯೋಗ. ಅಂತಹ ವ್ಯವಸ್ಥೆಯೊಂದನ್ನು ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು 1995ರಲ್ಲಿ ಅಂತರ್ಜಾಲಕ್ಕೆ ತಂದು ಅದನ್ನು 'ವಿಕಿ' ಎಂದು ಕರೆದರು. ಹವಾಯಿ ಭಾಷೆಯಲ್ಲಿ ಈ ಮಾತಿಗೆ 'ಬೇಗ' ಎಂದು ಅರ್ಥ. ಅದೇ ತಳಹದಿಯ ಮೇಲೆ 2001ರಲ್ಲಿ ವಿಕಿಪೀಡಿಯವೂ 2003ರಲ್ಲಿ ವಿಕಿಸೋರ್ಸ್ ಎಂಬ ಗ್ರಂಥಭಂಡಾರವೂ ಹುಟ್ಟಿಕೊಂಡುವು. ಹೆಸರು 'ಬೇಗ' ಎಂದಿದ್ದರೂ ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಇದರಿಂದ ಆಗುವ ಮುಖ್ಯ ಪ್ರಯೋಜನ ನಿಧಾನವನ್ನು ಕಲಿಯುವುದೇ ಎಂಬುದು ನಮ್ಮ ಅನುಭವಕ್ಕೆ ಬಂದಿದೆ.

ವಿಕಿಸೋರ್ಸಿನ ಕ್ರಮವನ್ನು ಮೊದಲು ಸಂಗ್ರಹವಾಗಿ ಹೇಳಬೇಕು. ಹಕ್ಕುಸ್ವಾಮ್ಯದ ಅವಧಿ ಮುಗಿದ, ಇಲ್ಲವೆ ಹಕ್ಕುಳ್ಳವರು ಮುಕ್ತವಾಗಿ ಬಿಟ್ಟುಕೊಟ್ಟ ಗ್ರಂಥಗಳಿಗೆ ಮಾತ್ರ ಇಲ್ಲಿ ಪ್ರವೇಶ. ನಮ್ಮ ದೇಶದಲ್ಲಿ ಲೇಖಕನ ಮರಣಾನಂತರ 60 ವರ್ಷಗಳ ಕಾಲ ಹಕ್ಕು ಉಳಿಯುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳು ಮುಕ್ತ ಪರವಾನಗಿಯನ್ನು ಪಡೆದು ಕನ್ನಡ ವಿಕಿಸೋರ್ಸನ್ನು ಸೇರಿರುವುದು ಎರಡನೆಯ ಬಗೆಗೆ ನಿದರ್ಶನ. ಅಚ್ಚಾದ ಪುಟದ ಛಾಯಾಪ್ರತಿ ತೆರೆಯ ಒಂದು ಪಕ್ಕದಲ್ಲಿಯೂ ಅದರ ಅಕ್ಷರರೂಪ ಇನ್ನೊಂದು ಪಕ್ಕದಲ್ಲಿಯೂ ಇರುತ್ತವೆ. ಅಕ್ಷರರೂಪವನ್ನು ಕೈಯಿಂದ ಬೆರಳಚ್ಚು ಮಾಡಬಹುದು, ಇಲ್ಲವೆ ಮುದ್ರಿತ ಅಕ್ಷರಗಳನ್ನು ಗುರುತಿಸುವ ಓಸಿಆರ್ ತಂತ್ರಾಂಶದಿಂದ ಪಡೆಯಬಹುದು. ಕರಡು ತಿದ್ದದ ಪುಟಕ್ಕೆ ಕೆಂಪು ಬಣ್ಣ; ಒಬ್ಬರು ಮೂಲದೊಡನೆ ಹೋಲಿಸಿ ತಿದ್ದಿದರೆ ಹಳದಿ; ಮತ್ತೊಬ್ಬರು ಪುನಃ ಪರಿಶೀಲಿಸಿ ಒಪ್ಪಿದರೆ ಹಸಿರು. ತಿದ್ದಿದವರೇ ತಮ್ಮ ಪುಟವನ್ನು ಹಸಿರು ಮಾಡಿಕೊಳ್ಳುವಂತಿಲ್ಲ. ತನ್ನ ಕಣ್ಣನ್ನು ತಾನೇ ನಂಬಬಾರದೆಂಬ ಗ್ರಂಥಸಂಪಾದಕರ ಹಳೆಯ ವಿವೇಕವು ಇಲ್ಲಿ ಯಂತ್ರದ ಕಟ್ಟುಪಾಡಾಗಿ ನಿಂತಿದೆ.

ಕಳೆದ ಕೆಲವು ವರ್ಷಗಳಿಂದ ಸ್ನಾತಕೋತ್ತರ ತರಗತಿಯಲ್ಲಿ, ಹಕ್ಕಿನ ಅವಧಿ ಮುಗಿದ ಹಳೆಯ ಗದ್ಯಗ್ರಂಥಗಳ ಪುಟಗಳನ್ನು ವಿದ್ಯಾರ್ಥಿಗಳಿಗೆ ಹಂಚಿ ಈ ಅಭ್ಯಾಸವನ್ನು ನಾವು ಮಾಡಿಸುತ್ತ ಬಂದಿದ್ದೇವೆ. ಮೊದಲಲ್ಲಿಯೇ ಎದುರಾದದ್ದು ಹಿಂದಿನ ಸಂಪಾದಕರು ಕಾಣದಿದ್ದ ಒಂದು ಬಗೆಯ ದೋಷ. ಹಳೆಯ ಅಚ್ಚಿನಲ್ಲಿ 'ವರ್ಷ' ಎಂಬ ಪದವನ್ನು ಷಕಾರದ ಮುಂದೆ ಅರ್ಕಾವೊತ್ತನ್ನು ಇಟ್ಟು ಮುದ್ರಿಸುವುದು ವಾಡಿಕೆ. ಈ ಅರ್ಕಾವೊತ್ತಿಗೂ ಕನ್ನಡದ ಒಂಬತ್ತರ ಅಂಕೆಗೂ ಆಕಾರದಲ್ಲಿ ಭೇದವಿಲ್ಲವೆಂದರೆ ಸಲ್ಲುತ್ತದೆ. ಯಂತ್ರವು, ಕೆಲವೊಮ್ಮೆ ವಿದ್ಯಾರ್ಥಿಯೂ, ಇದನ್ನು 'ವಷ೯' ಎಂದು ಒಂಬತ್ತರ ಅಂಕೆಯಿಂದ ಬರೆಯುವುದುಂಟು. ಅನುಸ್ವಾರದ ಸ್ಥಾನದಲ್ಲಿ ಸೊನ್ನೆ ಕೂರುವುದೂ ಹೀಗೆಯೇ. ತೆರೆಯ ಮೇಲೆ 'ಪಂಪ' ಎಂಬುದೂ 'ಪ೦ಪ' ಎಂಬುದೂ ಒಂದೇ ಆಗಿ ತೋರುತ್ತವೆ. ಆದರೆ ಹುಡುಕುವವನಿಗೆ ಎರಡನೆಯದು ಸಿಕ್ಕುವುದೇ ಇಲ್ಲ. ಓಲೆಯ ಲಿಪಿಕಾರನ ತಪ್ಪು ಕಣ್ಣಿಗೆ ಕಾಣುತ್ತಿತ್ತು. ಈ ತಪ್ಪು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಬರಹವೆಂಬುದು ಆಕಾರಗಳ ಸಾಲಷ್ಟೇ ಅಲ್ಲ, ಧ್ವನಿಗಳ ಅನುಕ್ರಮವೂ ಹೌದು ಎಂಬ ಸಂಗತಿಯನ್ನು ಎಷ್ಟು ಉಪನ್ಯಾಸಗಳಿಂದ ತಿಳಿಸಿದರೂ, ತಾನು ತಿದ್ದಿದ ಪುಟದಲ್ಲಿ ತನಗೇ ಪದ ಸಿಕ್ಕದೆ ಹೋದ ವಿದ್ಯಾರ್ಥಿಗೆ ಅದು ತಿಳಿಯುವಂತೆ ತಿಳಿಯಲಾರದು.

ಇದಕ್ಕಿಂತ ಮುಖ್ಯವಾದ ಪಾಠ ಕಲಿತವರು ವಿದ್ಯಾರ್ಥಿಗಳಲ್ಲ, ನಾವು. ಹತ್ತೊಂಬತ್ತನೆಯ ಶತಮಾನದ ಕನ್ನಡ ಅಚ್ಚಿನಲ್ಲಿ 'ಎಂದು' ಎಂಬುದನ್ನು 'ಯೆಂದು' ಎಂದೂ 'ಒಬ್ಬ' ಎಂಬುದನ್ನು 'ವೊಬ್ಬ' ಎಂದೂ ಮುದ್ರಿಸಿರುವುದು ಅಪರೂಪವಲ್ಲ. ಒಂದು ಸಂಜೆ ವಿದ್ಯಾರ್ಥಿಗಳ ಪುಟಗಳನ್ನು ನೋಡುತ್ತಿದ್ದಾಗ ಈ ರೂಪಗಳನ್ನು ಬೆರಳಚ್ಚಿನ ಅಜಾಗರೂಕತೆಯೆಂದು ಎಣಿಸಿ, ಮೂಲದ ಛಾಯಾಪ್ರತಿಯ ಕಡೆಗೆ ತಿರುಗಿಯೂ ನೋಡದೆ, ಹಲವು ಪುಟಗಳಲ್ಲಿ 'ಎಂದು' ಎಂದು ತಿದ್ದಿಬಿಟ್ಟೆವು. ಮರುದಿನ ನೋಡಿದರೆ ಅವೆಲ್ಲವೂ ಮೊದಲಿನಂತೆಯೇ ಆಗಿದ್ದುವು. ಒಬ್ಬ ವಿದ್ಯಾರ್ಥಿನಿ ನಮ್ಮ ತಿದ್ದುಪಡಿಗಳನ್ನು ರದ್ದುಮಾಡಿ, ಕಾರಣ ಬರೆಯುವ ಸ್ಥಳದಲ್ಲಿ 'ಮುದ್ರಿತ ಪುಟದಲ್ಲಿ ಯೆಂದು ಎಂದೇ ಇದೆ' ಎಂದು ಬರೆದಿದ್ದಳು. ಆಕೆ ಮಾಡಿದ್ದು ಸರಿ. ತರಗತಿಯಲ್ಲಿ ನಾವೇ ಹೇಳಿಕೊಟ್ಟಿದ್ದ ನಿಯಮವನ್ನು ಆಕೆ ಪಾಲಿಸಿದ್ದಳು, ನಾವು ಮುರಿದಿದ್ದೆವು. ಕಾಗದದ ಮೇಲೆ ಕೆಂಪು ಶಾಯಿಯಿಂದ ತಿದ್ದುವ ಉಪಾಧ್ಯಾಯನಿಗೆ ಇಂತಹ ಉತ್ತರ ಬರುವುದು ವಿರಳ. ಬಂದರೂ ಅದು ಉಳಿಯುವುದಿಲ್ಲ. ಇಲ್ಲಿ ನಮ್ಮ ತಪ್ಪೂ ಆಕೆಯ ತಿದ್ದುಪಡಿಯೂ ದಿನಾಂಕಸಹಿತವಾಗಿ ಯಾರು ಬೇಕಾದರೂ ನೋಡುವಂತೆ ನಿಂತಿವೆ. ಮೊದಲು ನಮಗೆ ಇರಿಸುಮುರಿಸಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಪರಿಚಿತರೂಪದ ಮೋಹಕ್ಕೆ ಸಿಕ್ಕಿ ಅಪರಿಚಿತರೂಪವನ್ನು ಅಳಿಸುವ ಲಿಪಿಕಾರನ ಸ್ವಭಾವವನ್ನು ವಿವರಿಸಲು ಆ ದಿನದಿಂದ ನಮಗೆ ಬೇರೆ ಉದಾಹರಣೆ ಬೇಕಾಗಲಿಲ್ಲ.

ಈ ಘಟನೆಯಿಂದ ವಿಕಿಸೋರ್ಸಿನ ನಿಜವಾದ ಬೋಧನಾಸಾಮಗ್ರಿ ಯಾವುದೆಂಬುದು ಸ್ಪಷ್ಟವಾಗುತ್ತದೆ. ಅದು ಹಸಿರು ಬಣ್ಣದ ಪರಿಷ್ಕೃತಪುಟವಲ್ಲ, ಅದರ ಹಿಂದಿರುವ 'ಇತಿಹಾಸ'. ಪ್ರತಿಯೊಂದು ತಿದ್ದುಪಡಿ, ಅದನ್ನು ಮಾಡಿದವರ ಸಂಕೇತನಾಮ, ಕಾಲ, ಕಾರಣ ಎಲ್ಲವೂ ಅಲ್ಲಿ ದಾಖಲೆಯಾಗಿರುತ್ತವೆ. ಯಾವ ಎರಡು ಅವಸ್ಥೆಗಳನ್ನಾದರೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಓಲೆಪ್ರತಿಗಳ ವಿಚಾರದಲ್ಲಿ ನಾವು ಊಹಿಸಿ ಕಟ್ಟಬೇಕಾದ ವಂಶವೃಕ್ಷ ಇಲ್ಲಿ ಕಣ್ಣೆದುರಿಗೆ ಬೆಳೆಯುತ್ತದೆ. ಹಲವರು ಏಕಕಾಲದಲ್ಲಿ ಬರೆಯಬಹುದಾದ ಹಂಚಿಕೆಯ ಕಡತಗಳಲ್ಲಿಯೂ ಹಿಂದಿನ ಆವೃತ್ತಿಗಳು ಉಳಿದಿರುತ್ತವೆ, ನಿಜ. ಆದರೆ ವಿಕಿಯು ಪ್ರತಿ ತಿದ್ದುಪಡಿಯ ಬಳಿಯೂ ಕಾರಣಕ್ಕೆ ಸ್ಥಳ ಬಿಟ್ಟಿದೆ. 'ಸಾರಾಂಶ' ಎಂಬ ಆ ಒಂದು ಸಾಲಿನ ಕಿಂಡಿಯನ್ನು ಖಾಲಿ ಬಿಡುವುದು ಸುಲಭ. ಖಾಲಿ ಬಿಡಬಾರದೆಂದು ವಿಧಿಸುವುದು ಉಪಾಧ್ಯಾಯನ ಕೆಲಸ. ಏಕೆಂದರೆ ಕಾರಣ ಹೇಳಲಾಗದ ತಿದ್ದುಪಡಿಗೂ ಸ್ಖಾಲಿತ್ಯಕ್ಕೂ ಭೇದವಿಲ್ಲ.

ತಪ್ಪನ್ನು ಅಳಿಸದೆ ಅದರ ಪಕ್ಕದಲ್ಲಿ ಸರಿಯನ್ನು ನಮೂದಿಸುವ ಈ ಮನೋಧರ್ಮ ಗಣಕಲೋಕಕ್ಕೆ ಹೊಸದಲ್ಲ. ಹಳಗನ್ನಡದ ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ 'ಫ' ಎಂಬ ಅರ್ಥ ಬರುವ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ತಿದ್ದುಪಡಿಯ ರೂಪದಲ್ಲಿ ಅದರ ಜೊತೆಗೆ ಸೇರಿದೆ. ಮೂಲಪಾಠವನ್ನು ಉಳಿಸಿ ಅಡಿಟಿಪ್ಪಣಿಯಲ್ಲಿ ಶುದ್ಧಪಾಠವನ್ನು ಸೂಚಿಸುವ ಸಂಪಾದಕನ ಕ್ರಮಕ್ಕೂ ಇದಕ್ಕೂ ಇರುವ ಸಾಮ್ಯ ವಿದ್ಯಾರ್ಥಿಗಳ ಗಮನಕ್ಕೆ ತರತಕ್ಕದ್ದು.

ಇಷ್ಟು ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳದಿದ್ದರೆ ವಿಮರ್ಶೆಯಾಗುವುದಿಲ್ಲ. ಮೊದಲನೆಯ ಅಪಾಯ ಎಣಿಕೆಯದು. ಯಾರು ಎಷ್ಟು ತಿದ್ದುಪಡಿ ಮಾಡಿದರೆಂಬುದನ್ನು ಯಂತ್ರವೇ ಲೆಕ್ಕವಿಟ್ಟು ಕೊಡುವುದರಿಂದ ಅದಕ್ಕೆ ಅಂಕಗಳನ್ನು ಜೋಡಿಸುವ ಆಸೆ ಉಪಾಧ್ಯಾಯನಿಗೆ ಹುಟ್ಟುತ್ತದೆ. ನಾವೂ ಮೊದಲು ಹಾಗೆಯೇ ಮಾಡಿದೆವು. ಪರಿಣಾಮವಾಗಿ ಒಂದು ಅಲ್ಪವಿರಾಮವನ್ನು ಹಾಕಿ ಉಳಿಸುವುದು, ಇನ್ನೊಂದನ್ನು ತೆಗೆದು ಉಳಿಸುವುದು ಮೊದಲಾದ ಚಾತುರ್ಯಗಳು ಬೆಳೆದುವೇ ಹೊರತು ಪಾಠ ಶುದ್ಧವಾಗಲಿಲ್ಲ. ಇದಕ್ಕಿಂತ ಗುರುತರವಾದ ನಿದರ್ಶನ ಪುಣೆಯದು. ಅಲ್ಲಿಯ ಕೆಲವು ಕಾಲೇಜುಗಳ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಯಿಸುವ ಕಾರ್ಯಕ್ರಮವನ್ನು ವಿಕಿಮೀಡಿಯ ಫೌಂಡೇಶನ್ 2011ರಲ್ಲಿ ಆರಂಭಿಸಿತು. ಬೇರೆಡೆಯಿಂದ ನಕಲು ಮಾಡಿದ ಭಾಗಗಳು ವಿಪುಲವಾಗಿ ಸೇರಿಕೊಂಡುದರಿಂದ ಅದೇ ವರ್ಷ ಅದನ್ನು ನಿಲ್ಲಿಸಬೇಕಾಯಿತು. ನಕಲಿನ ದೋಷವನ್ನು ವಿದ್ಯಾರ್ಥಿಗಳ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಪ್ರಬಂಧದ ಉದ್ದವನ್ನು ಅಳೆಯುವ, ಆದರೆ ಅದು ಎಲ್ಲಿಂದ ಬಂತೆಂದು ಕೇಳದ ಪದ್ಧತಿ ನಮ್ಮ ತರಗತಿಗಳಲ್ಲಿ ಮೊದಲಿನಿಂದಲೂ ಇದೆ. ಸಾಧನವು ಆ ಪದ್ಧತಿಯನ್ನು ಹುಟ್ಟಿಸುವುದಿಲ್ಲ, ಬಯಲಿಗೆ ತರುತ್ತದೆ.

ಎರಡನೆಯ ಮಿತಿ ತಾತ್ತ್ವಿಕವಾದದ್ದು. ವಿಕಿಸೋರ್ಸಿನ ಆದರ್ಶ ಮುದ್ರಿತಪುಟಕ್ಕೆ ನಿಷ್ಠೆ. ಅಚ್ಚಿನಲ್ಲಿ ಇದ್ದುದೇ ಪ್ರಮಾಣ. ಕವಿ ಬರೆದುದೇನಿರಬಹುದೆಂಬ ವಿಚಾರಕ್ಕೆ ಅಲ್ಲಿ ಅವಕಾಶವಿಲ್ಲ. ಆದರೆ ಗ್ರಂಥಸಂಪಾದನೆ ಆರಂಭವಾಗುವುದೇ ಆ ವಿಚಾರದಿಂದ. ಹಲವು ಓಲೆಪ್ರತಿಗಳಲ್ಲಿ ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವನ್ನು ಗುರುತಿಸಿರುವುದಿಲ್ಲ. ಛಂದಸ್ಸನ್ನೂ ಅರ್ಥವನ್ನೂ ನೋಡಿ ಸಂಪಾದಕನೇ ನಿರ್ಣಯಿಸಬೇಕು. ಒಂದೇ ಗ್ರಂಥದ ಎರಡು ಮುದ್ರಣಗಳು ಭಿನ್ನಪಾಠಗಳನ್ನು ಕೊಟ್ಟಾಗ ವಿಕಿಸೋರ್ಸ್ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ, ಯಾವುದು ಮೇಲೆಂದು ಹೇಳುವುದಿಲ್ಲ. ಹೀಗಾಗಿ ಈ ಸಾಧನವು ಒಳ್ಳೆಯ ಲಿಪಿಕಾರನನ್ನು ಸಿದ್ಧಪಡಿಸುತ್ತದೆ, ಸಂಪಾದಕನನ್ನಲ್ಲ. ಈ ಅಂತರವನ್ನು ಮರೆತು, ನೂರು ಪುಟಗಳನ್ನು ಹಸಿರು ಮಾಡಿದ ವಿದ್ಯಾರ್ಥಿ ಗ್ರಂಥಸಂಪಾದನೆಯನ್ನು ಕಲಿತನೆಂದು ಭಾವಿಸಿದರೆ ಶಾಸ್ತ್ರಕ್ಕೆ ಅಪಚಾರವಾಗುತ್ತದೆ.

ಇದಕ್ಕೆ ನಾವು ಕಂಡುಕೊಂಡ ಪರಿಹಾರ ಸರಳವಾದದ್ದು. ಎರಡು ಮುದ್ರಣಗಳುಳ್ಳ ಗ್ರಂಥದ ಕೆಲವೇ ಪುಟಗಳನ್ನು ಆರಿಸಿ, ಹಂಚಿಕೆಯ ಕೋಷ್ಟಕವೊಂದರಲ್ಲಿ ಒಂದೊಂದು ಮುದ್ರಣಕ್ಕೆ ಒಂದೊಂದು ಅಂಕಣವನ್ನಿಟ್ಟು ಭಿನ್ನಪಾಠಗಳನ್ನು ಪಟ್ಟಿಮಾಡಿಸುತ್ತೇವೆ. ಕೊನೆಯ ಅಂಕಣ ನಿರ್ಣಯಕ್ಕೆ, ಅದರ ಮಗ್ಗುಲಿನದು ಕಾರಣಕ್ಕೆ. ಅಂಕಗಳು ಕಾರಣದ ಅಂಕಣಕ್ಕೆ ಮಾತ್ರ ಸಲ್ಲುತ್ತವೆ. ಅನಂತರ ತರಗತಿಯಲ್ಲಿ, ಯಂತ್ರವನ್ನು ಬದಿಗಿಟ್ಟು, ಒಂದೊಂದು ನಿರ್ಣಯವನ್ನೂ ಬಾಯಿಮಾತಿನಲ್ಲಿ ಸಮರ್ಥಿಸಬೇಕು. ಇದರಿಂದ ಪುಟಗಳ ಸಂಖ್ಯೆ ಬಹಳ ಕಡಮೆಯಾಯಿತು, ವಾದಗಳು ಹೆಚ್ಚಿದುವು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು: ಪಠ್ಯಕ್ರಮದ ಹೆಸರಿನಲ್ಲಿ ವಿದ್ಯಾರ್ಥಿಗಳಿಂದ ಬಿಟ್ಟಿ ಬೆರಳಚ್ಚು ಮಾಡಿಸಿದಂತಾಗಲಿಲ್ಲವೆ? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಿರ್ಣಯಕ್ಕೆ ಅವಕಾಶವೇ ಇಲ್ಲದ ಪುಟಗಳನ್ನು ರಾಶಿರಾಶಿಯಾಗಿ ಕೊಟ್ಟರೆ ಅದು ಬಿಟ್ಟಿಯೇ ಸರಿ, ಫಲ ಎಷ್ಟೇ ಲೋಕೋಪಕಾರಿಯಾಗಿರಲಿ. ವಿದ್ಯಾರ್ಥಿ ಎಲ್ಲಿ ನಿಂತು ಯೋಚಿಸಬೇಕಾಗುತ್ತದೆಯೋ ಅಂತಹ ಪುಟಗಳನ್ನು ಉಪಾಧ್ಯಾಯನು ತಾನೇ ಮೊದಲು ತಿದ್ದಿನೋಡಿ ಆರಿಸಬೇಕು. ತಾನು ಮಾಡದ ಕೆಲಸವನ್ನು ವಿದ್ಯಾರ್ಥಿಗೆ ಹೇಳುವ ಅಧಿಕಾರ ಈ ಕ್ಷೇತ್ರದಲ್ಲಿ ಅವನಿಗಿಲ್ಲ. ತಪ್ಪುಗಳು ಸಾರ್ವಜನಿಕವಾಗುವುವೆಂಬ ಸಂಕೋಚವುಳ್ಳವರು ಸಂಕೇತನಾಮದಿಂದ ಕೆಲಸ ಮಾಡುವುದಕ್ಕೂ ಅವಕಾಶವಿರುವುದರಿಂದ ಆ ಸ್ವಾತಂತ್ರ್ಯವನ್ನು ಅವರಿಗೆ ಮೊದಲ ದಿನವೇ ತಿಳಿಸತಕ್ಕದ್ದು.

ಒಟ್ಟಿನಲ್ಲಿ ಹೇಳುವುದಾದರೆ, ಸಹಯೋಗಸಾಧನವನ್ನು ಬಳಸುವ ಉಪಾಧ್ಯಾಯನು ಕಲಿಯಬೇಕಾದದ್ದು ಗುಂಡಿಗಳ ಉಪಯೋಗಕ್ಕಿಂತ ಹೆಚ್ಚಾಗಿ ಎರಡು ಸಂಗತಿಗಳನ್ನು: ಇತಿಹಾಸದ ಪುಟವನ್ನು ಓದುವುದು, ಅಲ್ಲಿ ತನ್ನ ತಪ್ಪೂ ದಾಖಲೆಯಾಗಲೆಂದು ಒಪ್ಪುವುದು. ವಿಕಿಸೋರ್ಸ್ ಲಿಪಿಕಾರನನ್ನು ಮಾತ್ರ ಸಿದ್ಧಪಡಿಸುತ್ತದೆಂದೆವು. ಅದೇನೂ ಅಲ್ಪವಲ್ಲ. ಮುಂದಿರುವ ಪುಟದಲ್ಲಿ ಏನಿದೆಯೋ ಅದನ್ನು ಇದ್ದಂತೆಯೇ ಕಾಣುವ ಕಣ್ಣು ಮೊದಲು ಬರಬೇಕು. ಏನಿರಬೇಕಾಗಿತ್ತೆಂಬ ವಿವೇಚನೆ ಆಮೇಲಿನದು. ಆ ಮೊದಲ ಕಣ್ಣನ್ನು ಮೂಡಿಸುವುದರಲ್ಲಿ ಇದಕ್ಕಿಂತ ಸುಲಭವಾಗಿ ದೊರೆಯುವ ಸಾಧನ ನಮಗೆ ಕಂಡಿಲ್ಲ. ಎರಡನೆಯದನ್ನು ಕಲಿಸುವ ಹೊಣೆ ಹಿಂದಿನಂತೆಯೇ ತರಗತಿಯದು. ಅಂದಹಾಗೆ, ಆ ವಿದ್ಯಾರ್ಥಿನಿ ಉಳಿಸಿಕೊಟ್ಟ 'ಯೆಂದು' ಎಂಬ ರೂಪಗಳಿರುವ ಪುಟಗಳು ಈಗ ಹಸಿರಾಗಿವೆ. ಅವುಗಳ ಇತಿಹಾಸವನ್ನು ಪ್ರತಿವರ್ಷವೂ ಹೊಸ ತರಗತಿಗೆ ನಾವು ಮೊದಲ ಪಾಠವಾಗಿ ತೋರಿಸುತ್ತೇವೆ.